ಶಿಗ್ಲಿಗೆ ಬಿಟ್ಟ ನೂಲು

ಶಾಸನಸಭೆಯ ವರದಿಗಾರ್ತಿ ಎಂದರೆ ಪತ್ರಿಕೆಗೆ ಸುದ್ದಿ ಬರೆಯುವವಳು ಎಂದೇ ಬೆಟಗೇರಿಯ ನಮ್ಮ ಓಣಿಯವರು ಕೊನೆಯವರೆಗೂ ತಿಳಿದಿದ್ದರು. ರಜೆಗೆ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಬಂದು, "ಶಾಂತವ್ವಾ, ನಮ್ಮ ಓಣಿ ಗಟಾರದ ಸುದ್ದಿ ಪೇಪರಿನ್ಯಾಗ ಹಾಕಸವಾ" ಎನ್ನುತ್ತಿದ್ದರು. ನಾನು ಬರೆಯುತ್ತಿದ್ದದ್ದು ಹೆಚ್ಚಿನವರು ಓದದೇ ಇರುವ ಬರಹ. ಸದನದಲ್ಲಿ, ಸದನದ ಸಮಿತಿಗಳಲ್ಲಿ ಯಾರು ಏನು ಆಡಿದರೋ ಅದನ್ನು ಶೀಘ್ರಲಿಪಿಯಲ್ಲಿ ಹಿಡಿದು, ಆಮೇಲೆ ಕುಳಿತು ಟೈಪು ಮಾಡಿ ಒಪ್ಪಿಸುವುದು. ಆಡಿದವರು ಮರೆತಿರುತ್ತಾರೆ, ಕೇಳಿದವರೂ ಮರೆತಿರುತ್ತಾರೆ. ನಮ್ಮ ಹಾಳೆಗಳು ಮಾತ್ರ ಕಪಾಟಿನಲ್ಲಿ ಇರುತ್ತವೆ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಒಮ್ಮೊಮ್ಮೆ ಮನೆಗೆ ಬರುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ವೇತನಶ್ರೇಣಿ ಎಷ್ಟಿತ್ತು ಎಂದು ಕೇಳುತ್ತಾರೆ. ಅದೆಲ್ಲ ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಊರಿಗೇ ಬಂದ ಒಂದು ಸಮಿತಿ. ಅದನ್ನು ಬರೆದಿಡುತ್ತೇನೆ.

ನಾನು ನೇಕಾರರ ಮಗಳು. ಗದಗಿನಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿತು ಬೆಂಗಳೂರಿಗೆ ಹೋದಾಗ ವಿಭಾಗದಲ್ಲಿ ಉತ್ತರ ಕರ್ನಾಟಕದವರು ನನ್ನೊಬ್ಬಳ ಹೊರತು ಬೇರೆ ಯಾರೂ ಇರಲಿಲ್ಲ. ಮುಖ್ಯ ವರದಿಗಾರರು ಶ್ರೀನಿವಾಸಮೂರ್ತಿಗಳು. ಮೈಸೂರಿನವರು, ಅಚ್ಚುಕಟ್ಟಿನ ಮನುಷ್ಯ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಯಾರು ಹೇಗೇ ಮಾತಾಡಲಿ, ಕಾಗದದ ಮೇಲೆ ಗ್ರಂಥದ ಕನ್ನಡವೇ ಬರಬೇಕು. ನಮ್ಮ ಕಡೆಯ ಸದಸ್ಯರೊಬ್ಬರು ಎದ್ದು "ಐತಿ" ಎಂದರೆ ನಾನು "ಇದೆ" ಎಂದು ಬರೆಯಬೇಕು. "ಹೊಂಟೇನಿ" ಎಂದರೆ "ಹೊರಟಿದ್ದೇನೆ."

ಈ ನಿಯಮ ಸುಲಭವಾಗಿತ್ತೆಂದಲ್ಲ. ಒಮ್ಮೆ ನಮ್ಮ ಕಡೆಯ ಶಾಸಕರು "ಜೋಳ ಬಾಳ ತುಟ್ಟಿ ಆಗ್ಯಾವು" ಎಂದು ಗುಡುಗಿದರು. ತುಟ್ಟಿ ಎಂದರೆ ದುಬಾರಿ. ಬರೆದುಕೊಳ್ಳುತ್ತಿದ್ದ ಸಹೋದ್ಯೋಗಿ ಆ ಮಾತನ್ನೇ ಕೇಳಿರಲಿಲ್ಲ. ಮರುದಿನ ಕರಡಿನಲ್ಲಿ "ಜೋಳ ಬಹಳ ತುಟಿಯಾಗಿದೆ" ಎಂದು ಬಂತು. ಶಾಸಕರು ಆ ಹಾಳೆ ಹಿಡಿದುಕೊಂಡು ನಮ್ಮ ಕೋಣೆಗೇ ಬಂದರು. ಸಿಟ್ಟಿನಿಂದ ಬಂದವರು ಓದಿ ಹೇಳುತ್ತ ಹೇಳುತ್ತ ತಾವೇ ನಕ್ಕುಬಿಟ್ಟರು. ಅಂದಿನಿಂದ ಧಾರವಾಡದ ಆಚೆಯವರು ಯಾರೇ ಎದ್ದು ನಿಂತರೂ ಮೂರ್ತಿಗಳು ನನ್ನ ಕಡೆ ಬೆರಳು ಮಾಡುತ್ತಿದ್ದರು.

ಆ ಕಾಲ ನಿಮಗೆ ಗೊತ್ತಿಲ್ಲ. ಜೋಳ, ಶೇಂಗಾ, ಸಕ್ಕರೆ, ಸಿಮೆಂಟು, ನೂಲು ಎಲ್ಲದಕ್ಕೂ ನಿಯಂತ್ರಣ. ಸರ್ಕಾರ ಒಂದು ಆದೇಶ ಹೊರಡಿಸಿದರೆ ಒಂದು ತಾಲೂಕಿನ ವ್ಯಾಪಾರವೇ ನಿಂತುಹೋಗುತ್ತಿತ್ತು. ಹಾಗೆ ಹೇರಿದ ನಿರ್ಬಂಧವನ್ನು ಸದನಕ್ಕೆ ತಿಳಿಸಬೇಕು. ನಿರ್ಬಂಧವನ್ನು ಸಡಿಲಿಸಿದರೂ ಏಕೆ ಸಡಿಲಿಸಿದೆವು, ಯಾರಿಗಾಗಿ ಸಡಿಲಿಸಿದೆವು ಎಂದು ಕಾರಣ ಬರೆದು ಸದನದ ಮುಂದೆ ಇಡಬೇಕು. ಇಟ್ಟದ್ದನ್ನು ಪರಿಶೀಲಿಸಲು ಒಂದು ಸಮಿತಿ. ಸಮಿತಿಗೆ ಸರಿ ಕಾಣದಿದ್ದರೆ ಆ ಸಡಿಲಿಕೆಯನ್ನು ರದ್ದುಪಡಿಸಲು ಸದನಕ್ಕೆ ಹೇಳುತ್ತದೆ.

ಆಗ ಸಮಿತಿಯ ಅಧ್ಯಕ್ಷರು ನಂಜೇಗೌಡರು. ಮಂಡ್ಯದ ಕಡೆಯವರು, ವಿರೋಧ ಪಕ್ಷದವರು, ವಯಸ್ಸಾದವರು. ಅಧಿಕಾರಿಗಳು ಅವರ ಮುಂದೆ ಕೂರಲು ಹೆದರುತ್ತಿದ್ದರು. ನಾನೊಮ್ಮೆ ಧೈರ್ಯ ಮಾಡಿ, "ಸರ್, ನಿರ್ಬಂಧ ಹಾಕಿದ್ದನ್ನು ಕೇಳುವುದು ಸರಿ. ತೆಗೆದದ್ದನ್ನು ಯಾಕೆ ಇಷ್ಟು ಕೆದಕುತ್ತೀರಿ? ಜನಕ್ಕೆ ಒಳ್ಳೆಯದೇ ಆಯಿತಲ್ಲ" ಎಂದು ಕೇಳಿದ್ದೆ.

"ನೋಡಮ್ಮ," ಎಂದರು. "ಬಾಗ್ಲು ಹಾಕ್ದಾಗ ಊರೆಲ್ಲ ಕೂಗ್ಕೋತದೆ. ಯಾರಿಗೆ ತೆಗೆದ್ರು ಅನ್ನೋದನ್ನ ಯಾರೂ ಕೇಳಲ್ಲ. ಲಂಚ ಹುಟ್ಟೋದು ಬಾಗ್ಲು ಹಾಕೋವಾಗ ಅಲ್ಲ, ತೆಗೆಯೋವಾಗ."

ಈ ಮಾತನ್ನು ನಾನು ಬರೆದುಕೊಳ್ಳಲಿಲ್ಲ, ಅದು ಸಭೆಯಲ್ಲಿ ಆಡಿದ್ದಲ್ಲ. ಆದರೆ ಮರೆತಿಲ್ಲ.

ನೂಲಿನ ಪ್ರಕರಣ ಹೀಗೆ ಶುರುವಾಯಿತು. ಕೈಮಗ್ಗದವರಿಗೆಂದು ಸರ್ಕಾರ ನೇಕಾರರ ಸಂಘಗಳ ಮೂಲಕ ಅಗ್ಗದ ನೂಲು ಕೊಡುತ್ತಿತ್ತು. ಬೆಟಗೇರಿಯ ಒಂದು ಸಂಘದ ಕಾರ್ಯದರ್ಶಿ ಆ ನೂಲನ್ನು ಗಡಿಯಾಚೆಯ ವಿದ್ಯುತ್ ಮಗ್ಗದವರಿಗೆ ಸಾಗಿಸುತ್ತಿದ್ದ ಲಾರಿಯೊಂದು ಸಿಕ್ಕಿಬಿತ್ತು. ಕೈಮಗ್ಗ ಇಲಾಖೆಯವರು ಅವನೊಬ್ಬನನ್ನು ಹಿಡಿದು ಸುಮ್ಮನಾಗಲಿಲ್ಲ. ವಿಚಾರಣೆ ಮುಗಿಯುವ ತನಕ ಗದಗ-ಬೆಟಗೇರಿ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಎಲ್ಲ ಸಂಘಗಳ ನೂಲನ್ನೂ ನಿಲ್ಲಿಸಿದರು. ಕದ್ದವನೊಬ್ಬ, ನಿಂತದ್ದು ಎಲ್ಲರ ಮಗ್ಗ.

ಕೆಲವು ವಾರಗಳಾದ ಮೇಲೆ ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯ ಸಂಘಕ್ಕೆ ಮಾತ್ರ ನೂಲು ಬಿಟ್ಟರು. ಬಿಟ್ಟವರು ಅದೇ ಇಲಾಖೆಯ ಜಿಲ್ಲಾ ಅಧಿಕಾರಿ ಹೊಸಮನಿ ಎಂಬವರು. ಸದನಕ್ಕೆ ಕಾರಣ ಬಂದಿರಲಿಲ್ಲ. ಬೆಟಗೇರಿಯ ನೇಕಾರರು ಸಿಡಿದೆದ್ದರು. "ಶಿಗ್ಲಿಯವರಿಗೆ ಬಂದದ್ದು ನಮಗ್ಯಾಕ ಇಲ್ಲ? ಯಾರ ಕಿಸೆಕ್ಕ ಏನು ಬಿತ್ತು?" ಎಂದು ಸದನಕ್ಕೆ ಅರ್ಜಿ ಕಳಿಸಿದರು. ನಂಜೇಗೌಡರ ಸಮಿತಿ ಗದಗಿಗೆ ಹೋಗುವುದೆಂದು ತೀರ್ಮಾನವಾಯಿತು. ಜೊತೆಗೆ ಹೋಗುವ ವರದಿಗಾರರ ಹೆಸರು ಬರೆಯುವಾಗ ಮೂರ್ತಿಗಳು ನನ್ನ ಹೆಸರು ಬರೆದರು.

ನಾನು ಅವರ ಮೇಜಿನ ಮುಂದೆ ನಿಂತು ಹೇಳಿದೆ: "ಸರ್, ನಮ್ಮಪ್ಪನ ಮಗ್ಗವೂ ನಿಂತಿದೆ. ನಾನು ಹೋಗುವುದು ಸರಿಯಲ್ಲ."

ಮೂರ್ತಿಗಳು ನನ್ನನ್ನು ಅಧ್ಯಕ್ಷರ ಬಳಿಗೇ ಕರೆದುಕೊಂಡು ಹೋದರು. ನಂಜೇಗೌಡರು ಎಲ್ಲ ಕೇಳಿ, "ಬೇರೆಯವರನ್ನ ಕರ್ಕೊಂಡೋದ್ರೆ ಜೋಳಾನ ತುಟಿ ಮಾಡ್ತಾರೆ" ಎಂದರು. ಆ ಕಥೆ ಅವರ ತನಕ ಮುಟ್ಟಿತ್ತು. ಆಮೇಲೆ ಗಂಭೀರವಾಗಿ, "ಬಾಮ್ಮ. ನಿಮ್ಮನೇಲೇ ಊಟ ಮಾಡು, ನಿಮ್ಮನೇಲೇ ಮಲಕ್ಕೋ. ಆದ್ರೆ ಈ ವಿಷಯಕ್ಕೆ ಬಾಯಿ ಬಿಡಬೇಡ. ನಿನ್ನ ಕೈ ಬರಲಿ, ನಾಲಿಗೆ ಇಲ್ಲೇ ಇರಲಿ" ಎಂದರು.

ಊರು ಮುಟ್ಟಿದ ಸಂಜೆ ಮನೆಗೆ ಹೋದೆ. ನಮ್ಮ ಓಣಿಗೆ ಕಾಲಿಟ್ಟರೆ ಸಾಕು, ಸಾಲು ಮನೆಗಳ ಮಗ್ಗದ ಸದ್ದು ಕಿವಿಗೆ ಬಡಿಯಬೇಕು. ನಾನು ಹುಟ್ಟಿದ್ದೇ ಆ ಸದ್ದಿನಲ್ಲಿ. ಅಂದು ಓಣಿಯ ತುದಿಯಲ್ಲಿ ಯಾರೋ ಕೆಮ್ಮಿದ್ದು ಈ ತುದಿಗೆ ಕೇಳಿಸಿತು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದರು. ಮುಂದೆ ನೂಲಿಲ್ಲದ ಬರಿಯ ಚೌಕಟ್ಟು. ಕೂರಲು ಅವರಿಗೆ ಬೇರೆ ಜಾಗವೇ ಗೊತ್ತಿರಲಿಲ್ಲ.

ಊಟಕ್ಕೆ ಕುಳಿತಾಗ ಅವ್ವ ಕೇಳಿಯೇಬಿಟ್ಟಳು: "ನಿಮ್ಮ ಸಾಹೇಬ್ರಿಗೆ ಒಂದು ಮಾತು ಹೇಳಾಕ ಬರೂದಿಲ್ಲೇನ ನಿನಗ?"

ನಾನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದೆ. ಅಪ್ಪ, "ಆಕಿ ಬರಿಯಾಕ ಬಂದಾಳ, ಹೇಳಾಕ ಅಲ್ಲ. ಆಕಿನ್ನ ಏನೂ ಕೇಳಬ್ಯಾಡ" ಎಂದರು. ಇಷ್ಟು ದಿನ ನನ್ನ ಕೆಲಸವೇನೆಂದು ಓಣಿಯಲ್ಲಿ ಯಾರಿಗೂ ತಿಳಿದಿಲ್ಲವೆಂದುಕೊಂಡಿದ್ದೆ. ಅಪ್ಪನಿಗೆ ತಿಳಿದಿತ್ತು.

ಮರುದಿನ ಸಮಿತಿ ಮೊದಲು ಲಕ್ಷ್ಮೇಶ್ವರಕ್ಕೆ ಹೋಯಿತು. ಅಲ್ಲಿ ನೂಲಿಗೆ ಬಣ್ಣ ಹಾಕುವ ಇಮಾಮಸಾಬರನ್ನು ಕಂಡೆವು. ಅವರ ಅಂಗಳದಲ್ಲಿ ಬಣ್ಣದ ಹಂಡೆಗಳು ಬೋರಲು ಬಿದ್ದಿದ್ದವು. ಅಧ್ಯಕ್ಷರು, "ನಿಮಗೂ ಇದಕ್ಕೂ ಏನು ಸಂಬಂಧ? ನಿಮ್ಮ ಕೆಲಸ ನಿಲ್ಲಿಸಿ ಅಂತ ಆದೇಶದಲ್ಲಿ ಇಲ್ವಲ್ಲ" ಎಂದು ಕೇಳಿದರು.

ಇಮಾಮಸಾಬರು ಎರಡೂ ಕೈ ಮುಂದೆ ಚಾಚಿದರು. "ನೋಡ್ರಿ ಸಾಹೇಬ್ರ. ನೀಲಿ, ಕೆಂಪು ಮೆತ್ತಿ ನನ್ನ ಕೈ ಚರ್ಮದ ಬಣ್ಣ ಯಾವುದಂತ ನಮ್ಮನಿಯವರಿಗೂ ಗೊತ್ತಿದ್ದಿಲ್ಲ. ಮದುವಿ ದಿನಾನೂ ಇಷ್ಟು ಸ್ವಚ್ಛ ಇದ್ದಿಲ್ಲ ಇವು. ನೂಲ ಬರಲಿಲ್ಲಂದ್ರ ನಾ ಬಣ್ಣ ಯಾವುದಕ್ಕ ಹಾಕ್ಲಿ?"

ಒಂದು ನಿರ್ಬಂಧ ತಾನು ಹೆಸರಿಸದ ಮನೆಗಳಿಗೂ ಹೇಗೆ ಹೋಗಿ ಕೂರುತ್ತದೆ ಎಂದು ನನಗೆ ತಿಳಿದದ್ದು ಆ ಅಂಗಳದಲ್ಲಿ. ಸದಸ್ಯರೊಬ್ಬರು ಆ ಕೈಗಳನ್ನು ನೋಡಲಾರದೆ ಹಂಡೆಗಳ ಕಡೆ ತಿರುಗಿದರು.

ಶಿಗ್ಲಿಯಲ್ಲಿ ಮಗ್ಗಗಳು ನಡೆಯುತ್ತಿದ್ದವು. ಆದರೆ ನಮ್ಮ ಜೀಪು ಕಂಡದ್ದೇ ತಡ, ಒಂದೊಂದೇ ಸದ್ದು ನಿಂತಿತು. ಜನ ಬಾಗಿಲಿಗೆ ಬಂದು ನಿಂತರು. ಬಂದವರು ನೂಲು ಕಿತ್ತುಕೊಳ್ಳಲು ಬಂದವರೆಂದು ಅವರ ಲೆಕ್ಕ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಂಘದ ಮೇಲೆ ಯಾವ ದೂರೂ ಹಿಂದೆ ಇರಲಿಲ್ಲ, ನೂಲೆಲ್ಲ ಮಗ್ಗದ ಮೇಲೆಯೇ ಇತ್ತು. ಗೌಡರು ಮನೆ ಮನೆ ಹೊಕ್ಕು ನೋಡಿದರು.

ಅದರ ಮರುದಿನ ಗದಗಿನ ಪ್ರವಾಸಿ ಮಂದಿರದ ದೊಡ್ಡ ಕೋಣೆಯಲ್ಲಿ ಸಾಕ್ಷಿ ವಿಚಾರಣೆ. ಬೆಟಗೇರಿಯವರ ಪರವಾಗಿ ಮಾತಾಡಲು ಬಂದವಳು ನಮ್ಮ ಓಣಿಯ ನೀಲವ್ವ. ನಾನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಬೆಳೆದವಳು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗಕ್ಕೆ ತಾನೇ ಇಳಿದು ಮಕ್ಕಳನ್ನು ಸಾಕಿದವಳು. ನನ್ನನ್ನು ನೋಡಿದಳು, ಗುರುತು ತೋರಿಸಲಿಲ್ಲ. ನಾನೂ ಪೆನ್ಸಿಲಿನ ತುದಿ ನೋಡಿದೆ.

ಅಧ್ಯಕ್ಷರು ಕೇಳಿದರು: "ಹೇಳಮ್ಮ, ನಿಮ್ಮ ಕಷ್ಟ ಏನು?"

ನೀಲವ್ವ ಎದ್ದು ನಿಂತು, ಗಟ್ಟಿಯಾಗಿ ಹೇಳಿದಳು: "ನಾವು ನೂಲ ಮಾರಿ ನೋಡಿ ಬಾಳ ದಿನ ಆತ್ರಿ ಸಾಹೇಬ್ರ."

ಗೌಡರ ಹುಬ್ಬು ಮೇಲೆ ಹೋಯಿತು. ಪಕ್ಕದ ಸದಸ್ಯರ ಕಡೆ ತಿರುಗಿದರು, ಮತ್ತೆ ಇವಳ ಕಡೆ ನೋಡಿದರು. "ಏನಮ್ಮ, ನೂಲು ಮಾರಿ ಬಹಳ ದಿನ ಆಯ್ತಾ? ಹಂಗಾದ್ರೆ ನೀವೂ ನೂಲು ಮಾರ್ತಿದ್ರಿ ಅಂತ ಒಪ್ಕೊಂಡಂಗಾಯ್ತು. ಇದನ್ನ ಬರ್ಕೊಳ್ಳಿ."

ಕೋಣೆಯಲ್ಲಿ ಗುಜುಗುಜು ಎದ್ದಿತು. ನನ್ನ ಪೆನ್ಸಿಲು ನಿಂತಿತು. ನಮ್ಮ ಕಡೆ ಮಾರಿ ಎಂದರೆ ಮುಖ. ಗೌಡರ ಕಡೆ ಮಾರಿ ಎಂದರೆ ಮಾರಾಟ ಮಾಡಿ. ನೂಲಿನ ಮುಖ ನೋಡಿಲ್ಲ ಎಂದವಳನ್ನು ನೂಲು ಮಾರಿದವಳನ್ನಾಗಿ ಮಾಡಲಾಗುತ್ತಿತ್ತು. ನಾಲಿಗೆ ಬೆಂಗಳೂರಿನಲ್ಲಿ ಬಿಟ್ಟು ಬಂದವಳು ನಾನು. ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ ಎನ್ನುವಷ್ಟರಲ್ಲಿ ನೀಲವ್ವನೇ ಮುಂದೆ ಬಂದಳು. ಎರಡೂ ಕೈಯಿಂದ ತನ್ನ ಕೆನ್ನೆ ಹಿಡಿದುಕೊಂಡು, ಮುಖವನ್ನು ಅಧ್ಯಕ್ಷರ ಮೇಜಿನ ಹತ್ತಿರ ತಂದಳು.

"ಮಾರಿ ಅಂದ್ರ ಇದರಿ ಯಪ್ಪಾ, ಇದು! ನಿಮಗೂ ಒಂದು ಐತೆಲ್ಲ! ಇದನ್ನ ಯಾವ ಸಂತ್ಯಾಗ ಮಾರಲಿ?"

ಮೊದಲು ನಕ್ಕವರು ಗೌಡರು. ಆಮೇಲೆ ಇಡೀ ಕೋಣೆ ನಕ್ಕಿತು. "ತಪ್ಪಾಯ್ತಮ್ಮ, ಕೂತ್ಕೊ" ಎಂದು ಗೌಡರು ಕೈಮುಗಿದರು. ನಾನೂ ನಕ್ಕೆ, ಆದರೆ ನಗು ನಿಂತ ಮೇಲೆ ಯೋಚನೆ ಹತ್ತಿತು. ಅವಳು ಅಂಜುಬುರುಕಿಯಾಗಿದ್ದರೆ? ಸುಮ್ಮನೆ ಕೂತುಬಿಟ್ಟಿದ್ದರೆ?

ನೀಲವ್ವ ಕೂರಲಿಲ್ಲ. ಬೆಟಗೇರಿಯ ಕಷ್ಟವನ್ನೆಲ್ಲ ಹೇಳಿ, ಗೋಡೆಯ ಪಕ್ಕ ಕುಳಿತಿದ್ದ ಅಧಿಕಾರಿ ಹೊಸಮನಿಯವರ ಕಡೆ ಬೆರಳು ಮಾಡಿದಳು. "ಈ ಸಾಹೇಬ್ರು ಶಿಗ್ಲಿಗೆ ಹ್ವಾದ್ರು. ಬೆಟಗೇರಿಗೆ ಯಾಕ ಬರಲಿಲ್ಲ? ನಾವೇನು ಮನಶ್ಯಾರಲ್ಲೇನು? ಅವರನ್ನ ಕೇಳ್ರಿ."

ಮುಂದಿನ ಸರದಿ ಹೊಸಮನಿಯವರದು. ಸಣ್ಣ ಆಳು, ತಲೆಯಲ್ಲಿ ಬಿಳಿ ಕೂದಲು. ಮೇಲಿನವರು ಬರೆದುಕೊಟ್ಟ ಉತ್ತರಗಳನ್ನು ಇಟ್ಟುಕೊಂಡು ಬರುವ ಅಧಿಕಾರಿಗಳನ್ನು ನಾನು ನೋಡಿದ್ದೆ. ಇವರು ಬರಿಗೈಯಲ್ಲಿ ಬಂದಿದ್ದರು.

"ನಿರ್ಬಂಧ ಇರೋವಾಗ ಒಂದು ಸಂಘಕ್ಕೆ ನೂಲು ಬಿಡೋ ಅಧಿಕಾರ ನಿಮಗಿತ್ತಾ?" ಗೌಡರು ಕೇಳಿದರು.

"ಇರಲಿಲ್ರಿ."

ಯಾರೂ ಆ ಉತ್ತರ ನಿರೀಕ್ಷಿಸಿರಲಿಲ್ಲ. ಗೌಡರು ಮುಂದೆ ಕೇಳಿದರು: "ಸರ್ಕಾರದ ಒಪ್ಪಿಗೆ ಕೇಳಿದ್ರಾ?"

"ಕೇಳಿದ್ನಿರಿ. ಉತ್ತರ ಬರಲಿಲ್ಲ."

"ಮತ್ತೆ ಯಾಕೆ ಬಿಟ್ರಿ?"

"ಹೋಗಿ ನೋಡಿದ್ನಿರಿ. ಒಂದು ಮನ್ಯಾಗ ಅತ್ತಿ ಸೊಸಿ ಇಬ್ಬರೂ ಕುಂತು, ತಾವು ಉಡೂ ಸೀರಿ ಬಿಚ್ಚಿ, ಎಳಿ ಎಳಿ ತಗದು ಸುತ್ತಾಕ ಹತ್ತಿದ್ರು. ಯಾಕವಾ ಅಂದ್ರ, ಮಗ್ಗ ಖಾಲಿ ನೋಡಾಕ ಆಗವಲ್ದರಿ, ಒಂದು ಮೊಳ ಆದರೂ ನೇಯ್ತೇವಿ ಅಂದ್ರು. ಅದನ್ನ ನೋಡಿ ಆಫೀಸಿಗೆ ಹೋಗಿ ಕುಂತ್ನಿರಿ, ಬಿಡದ ಇರಾಕ ಆಗಲಿಲ್ಲ."

ಸದಸ್ಯರೊಬ್ಬರು ಮೊನಚಾಗಿ ಕೇಳಿದರು: "ಅವರಿಂದ ಏನಾದರೂ ತಗೊಂಡ್ರಾ?"

"ಇಲ್ರಿ."

"ಸರಿ. ಬೆಟಗೇರಿಗೆ ಯಾಕೆ ಹೋಗಲಿಲ್ಲ?" ಗೌಡರು ನೀಲವ್ವನ ಪ್ರಶ್ನೆಯನ್ನೇ ಎತ್ತಿಕೊಂಡರು.

ಹೊಸಮನಿಯವರು ನೀಲವ್ವನ ಕಡೆ ನೋಡಿದರು. ಆಮೇಲೆ ಹೇಳಿದರು: "ಅಂಜಿದ್ನಿರಿ. ಹೋದ್ರ ನೋಡಬೇಕಾಗತಿತ್ತು. ನೋಡಿದ್ರ ಅಲ್ಲೂ ಬಿಡಬೇಕಾಗತಿತ್ತು. ಆ ಲಾರಿ ನೂಲಿನ ಚೌಕಶಿ, ವಿಚಾರಣಿ ನಡದದ್ದೇ ಅಲ್ಲಿ. ಅದಕ್ಕ ಆ ಕಡೆ ಮಾರಿ ಮಾಡಲಿಲ್ಲ."

ಈ ಸಲ ಮಾರಿ ಎಂದರೆ ಏನೆಂದು ಗೌಡರು ಕೇಳಲಿಲ್ಲ. ಮತ್ತೆ ನೀಲವ್ವನನ್ನು ಕರೆದರು.

"ಕೇಳಮ್ಮ. ಇವರು ಶಿಗ್ಲಿಗೆ ನೂಲು ಬಿಟ್ಟಿದ್ದು ಕಾನೂನು ಪ್ರಕಾರ ತಪ್ಪು. ಅವರೇ ಒಪ್ಕೊಂಡ್ರು. ನಿಮ್ಮ ದೂರು ಸರಿಯಾಗೇ ಅದೆ. ಆ ಸಡಿಲಿಕೆಯನ್ನ ನಾವು ರದ್ದು ಮಾಡಬೇಕು. ಅಲ್ವಾ?"

ನೀಲವ್ವ ತಿರುಗಿ ಕೇಳಿದಳು: "ರದ್ದ ಮಾಡಿದ್ರ ಏನಾಗತೇತ್ರಿ?"

"ಶಿಗ್ಲಿಗೂ ನೂಲು ನಿಲ್ತದೆ."

"ಅಯ್ಯ ಯಪ್ಪಾ!" ಅವಳ ದನಿ ಏರಿತು. "ನಾವು ನಮಗ ಕೊಡ್ರಿ ಅನ್ನಾಕ ಬಂದೇವ್ರಿ. ಅವರದು ಕಸಗೋರಿ ಅಂತ ಎಲ್ಲಿ ಅಂದೇವಿ? ಅವರ ಮಗ್ಗ ನಿಂತ್ರ ನಮ್ಮ ಮಗ್ಗ ನಡೀತೇತೇನ್ರಿ? ಹಂಗಿದ್ರ ನಮ್ಮ ಅರ್ಜಿ ನಮಗ ತಿರುಗಿ ಕೊಡ್ರಿ, ನಾವು ಮನಿಗೆ ಹೊಕ್ಕೇವಿ."

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿಯೇ ನಿಂತಳು, ಅರ್ಜಿ ಅಲ್ಲೇ ಗೌಡರ ಕೈಯಲ್ಲಿದೆ ಎನ್ನುವ ಹಾಗೆ. ಅವಳ ಹಿಂದೆ ಕುಳಿತಿದ್ದ ಬೆಟಗೇರಿಯವರೆಲ್ಲ "ಹೌದ್ರಿ, ಹೌದ್ರಿ" ಎಂದು ಎದ್ದರು. ಅವರಲ್ಲಿ ನನ್ನ ಅಪ್ಪನೂ ಇದ್ದರು. ಅವರು ಬಂದದ್ದು ನನಗೆ ಆಗಲೇ ತಿಳಿದದ್ದು.

ಗೌಡರು ಅಂದು ಯಾವ ತೀರ್ಮಾನವನ್ನೂ ಹೇಳಲಿಲ್ಲ. ಸಭೆ ಮುಗಿಸಿ ಜೀಪಿನಲ್ಲಿ ಸ್ಟೇಷನ್ನಿಗೆ ಹೋಗುವಾಗ ಅವರು ಮಾತಾಡಿದ್ದು ಒಂದೇ ಮಾತು: "ಒಳ್ಳೆ ಮನುಷ್ಯ ತಪ್ಪು ದಾರೀಲಿ ಬಾಗ್ಲು ತೆಗೆದವ್ನೆ. ಅದನ್ನ ಬಿಟ್ಟುಬಿಟ್ರೆ ನಾಳೆ ಕೆಟ್ಟೋನು ಅದೇ ದಾರೀಲಿ ಬರ್ತಾನೆ. ಹಿಡಿದ್ರೆ ಶಿಗ್ಲಿ ಮುಳುಗ್ತದೆ."

ಬೆಂಗಳೂರಿಗೆ ಬಂದು ಟೈಪು ಮಾಡಲು ಕುಳಿತಾಗ ನನಗೂ ಮೂರ್ತಿಗಳಿಗೂ ಒಂದು ಜಗಳವಾಯಿತು. ನಾನು ನೀಲವ್ವನ ಮಾತನ್ನು ಅವಳು ಆಡಿದ ಹಾಗೆಯೇ ಬರೆದಿದ್ದೆ. ಪಕ್ಕದಲ್ಲಿ ಕಂಸದೊಳಗೆ "ಸಾಕ್ಷಿ ತಮ್ಮ ಮುಖ ಮುಟ್ಟಿ ತೋರಿಸಿದರು" ಎಂದು ಸೇರಿಸಿದ್ದೆ. ಮೂರ್ತಿಗಳು ಕೆಂಪು ಪೆನ್ನಿನಿಂದ ಎಲ್ಲ ಹೊಡೆದು, "ನಾವು ನೂಲನ್ನು ಕಂಡು ಬಹಳ ದಿನಗಳಾದವು" ಎಂದು ತಿದ್ದಿದರು.

"ಹೀಗೆ ಬರೆದರೆ ಅಧ್ಯಕ್ಷರು ಯಾಕೆ ತಪ್ಪು ತಿಳಿದರು, ಯಾಕೆ ಕೈಮುಗಿದರು ಎನ್ನುವುದೇ ಓದುವವರಿಗೆ ತಿಳಿಯುವುದಿಲ್ಲ ಸರ್" ಎಂದೆ. ಅವರು ಒಪ್ಪಲಿಲ್ಲ. ಎರಡು ದಿನ ಮಾತು ಬಿಟ್ಟೆವು. ಮೂರನೆಯ ದಿನ ಅವರೇ ನನ್ನ ಮೇಜಿಗೆ ಬಂದು ಹೊಡೆದ ಗೆರೆಗಳ ಕೆಳಗೆ ಚುಕ್ಕೆ ಹಾಕಿದರು. ಹೊಡೆದದ್ದು ಇರಲಿ ಎಂದು ಅದರ ಅರ್ಥ. "ರಾತ್ರಿಯೆಲ್ಲ ಯೋಚಿಸಿದೆ ಕಣಮ್ಮ. ನಾನು ಇಷ್ಟು ವರ್ಷ ತಿದ್ದಿದ ಸಾಕ್ಷಿಗಳಲ್ಲಿ ಎಷ್ಟು ಜನ ಏನು ಹೇಳಿದ್ದರೋ" ಎಂದರು. ಅವರ ಬಗ್ಗೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಇದೆ. ಸಾಕ್ಷಿಯ ಮಾತು ಸಾಕ್ಷಿಯದೇ ಆಗಿರಲಿ ಎಂಬುದು ನಮ್ಮ ವಿಭಾಗದಲ್ಲಿ ರೂಢಿಗೆ ಬಂದದ್ದು ಹೀಗೆ.

ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಬಂತು. ಒಳ್ಳೆಯದೇ ಆಯಿತು. ಆದರೆ ಮಕ್ಕಳೇ, ಯಂತ್ರ ತಂದಿಟ್ಟು ಕಣ್ಣು ಮುಚ್ಚಿ ಕೂರಬೇಡಿ. ಕೈ ಚಾಚಿ ನಿಂತದ್ದು, ತಲೆ ತಗ್ಗಿಸಿದ್ದು ಟೇಪಿಗೆ ಕಾಣುವುದಿಲ್ಲ.

ಇತ್ತ ವರದಿಯ ಕಥೆ. ಕರಡು ಸಿದ್ಧವಾಯಿತು: ಅಧಿಕಾರಿ ಅಧಿಕಾರ ಮೀರಿದ್ದಾರೆ, ಸಡಿಲಿಕೆ ಅಸಿಂಧು, ರದ್ದಾಗತಕ್ಕದ್ದು. ಅದನ್ನು ಸದನದಲ್ಲಿ ಮಂಡಿಸಿದರೆ ಮುಗಿಯಿತು. ಗೌಡರು ಮಂಡಿಸಲಿಲ್ಲ. ಇಲಾಖೆಯ ದೊಡ್ಡ ಅಧಿಕಾರಿಗಳನ್ನು ಸಮಿತಿಗೆ ಕರೆಸಿದರು. ನಾನು ಬರೆದುಕೊಳ್ಳುತ್ತಿದ್ದೆ.

"ವರದಿ ನನ್ನ ಹತ್ರ ಇರೋ ತನಕ ಶಿಗ್ಲಿಗೆ ನೂಲು ಹೋಗ್ತಿರ್ತದೆ. ಮಂಡಿಸಿದ ದಿನ ನಿಲ್ತದೆ. ನೀವು ಕಾರಣ ಬರೆದು, ಎಲ್ಲ ಊರಿಗೂ ಸೇರಿಸಿ, ಸರಿಯಾದ ಆದೇಶ ತಗೊಂಡು ಬನ್ನಿ. ನೂಲು ಕಾರ್ಯದರ್ಶಿ ಕೈಗೆ ಬೇಡ, ಮಗ್ಗ ನೋಡಿ ನೇಕಾರರ ಕೈಗೇ ಕೊಡಿ. ಕದ್ದೋನನ್ನ ಹಿಡ್ಕೊಳ್ಳಿ, ಬೇಡ ಅಂದೋರು ಯಾರು? ಆ ಆದೇಶ ಸದನಕ್ಕೆ ಬಂದ ದಿನ ನನ್ನ ವರದೀನೂ ಬರ್ತದೆ."

ಇಲಾಖೆಯವರು ಆಗಲಿ ನೋಡೋಣ ಎಂದರು. ಆ ಮಾತು ನಮ್ಮ ಹಾಳೆಗಳಲ್ಲಿ ಅತಿ ಹೆಚ್ಚು ಸಲ ಬಂದಿರುವ ಮಾತು. ವಾರಗಳು ಹೋದವು. ಗೌಡರ ಸ್ವಂತ ಪಕ್ಷದವರೇ ಅವರ ಮೇಲೆ ತಿರುಗಿಬಿದ್ದರು. ಸರ್ಕಾರದ ತಪ್ಪು ಕೈಯಲ್ಲಿ ಹಿಡಿದುಕೊಂಡು ಬಾಯಿ ಮುಚ್ಚಿ ಕೂತಿದ್ದೀರಿ, ಇದರಿಂದ ಸರ್ಕಾರದ ಮುಖ ಇಳಿಸಬಹುದಿತ್ತಲ್ಲ ಎಂದು ಮೊಗಸಾಲೆಯಲ್ಲಿ ಕೂಗಾಡಿದರು. ಗೌಡರು ಮಂತ್ರಿಗಳ ಜೊತೆ ಒಳಗೊಳಗೆ ಸೇರಿದ್ದಾರೆ ಎಂಬ ಮಾತೂ ಹಬ್ಬಿತು. ಒಂದು ಮಧ್ಯಾಹ್ನ ಅವರ ಕೋಣೆಗೆ ಹಾಳೆ ಕೊಡಲು ಹೋದಾಗ ಒಬ್ಬರೇ ಕಿಟಕಿಯ ಹತ್ತಿರ ನಿಂತಿದ್ದರು.

"ನಿಮ್ಮಪ್ಪ ಏನಂತಾರಮ್ಮ?" ಎಂದು ಕೇಳಿದರು. ಅವರು ಅದನ್ನು ಕೇಳಿದ್ದು ಅದೊಂದೇ ಸಲ.

"ಕೇಳಬೇಡ ಅಂತ ಅವ್ವನಿಗೆ ಹೇಳಿದ್ದಾರೆ ಸರ್. ಹಾಗಾಗಿ ಯಾರೂ ಏನೂ ಅಂದಿಲ್ಲ."

"ಹೂಂ" ಎಂದರು. ಮತ್ತೆ ಕಿಟಕಿಯ ಕಡೆ ತಿರುಗಿದರು.

ಅಧಿವೇಶನ ಮುಗಿಯುವ ಹೊತ್ತಿಗೆ ಆದೇಶ ಬಂತು. ಬೆಳಿಗ್ಗೆ ಮಂತ್ರಿಗಳು ಅದನ್ನು ಕಾರಣಗಳ ಸಮೇತ ಸದನದ ಮುಂದೆ ಇಟ್ಟರು. ಎಲ್ಲ ಊರುಗಳಿಗೂ ನೂಲು. ಮಧ್ಯಾಹ್ನ ಗೌಡರು ತಮ್ಮ ವರದಿ ಮಂಡಿಸಿದರು. ಶಿಗ್ಲಿಯ ಹಳೆಯ ಸಡಿಲಿಕೆ ರದ್ದಾಯಿತು, ಹೊಸ ಆದೇಶದಡಿ ಅದೇ ಶಿಗ್ಲಿಗೆ ನೂಲು ಮುಂದುವರಿಯಿತು. ಒಂದು ಮಗ್ಗವೂ ನಿಲ್ಲಲಿಲ್ಲ. ನಾನು ಸದನದ ನಡುವಿನ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ವಿಷಯ ಕಬ್ಬಿನದು. ಸದಸ್ಯರು ಅದಕ್ಕೆ ಕಾಯುತ್ತಿದ್ದರು.

ವರದಿಯಲ್ಲಿ ಹೊಸಮನಿಯವರ ತಪ್ಪನ್ನು ಗೌಡರು ಮುಚ್ಚಲಿಲ್ಲ. "ಲಾಭಕ್ಕಾಗಿ ಮಾಡಿದ್ದಲ್ಲ" ಎಂಬ ಒಂದು ಸಾಲನ್ನು ಮಾತ್ರ ತಮ್ಮ ಕೈಯಿಂದ ಸೇರಿಸಿದರು. ಇಲಾಖೆ ಅವರಿಗೆ ಎಚ್ಚರಿಕೆ ಕೊಟ್ಟು ದೂರದ ಜಿಲ್ಲೆಗೆ ವರ್ಗ ಮಾಡಿತು. ಆ ಸಾಲು ಇಲ್ಲದಿದ್ದರೆ ನೌಕರಿಯೇ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು.

ಬೆಟಗೇರಿಯಲ್ಲಿ ನೂಲು ಹಂಚುವ ದಿನ ನಾನು ರಜೆ ಹಾಕಿ ಊರಿನಲ್ಲಿದ್ದೆ. ಸಂಘದ ಮುಂದೆ ಜಾತ್ರೆಯ ಹಾಗೆ ಜನ. ನೂಲಿನ ಲಡಿಗಳನ್ನು ಕಂಕುಳಲ್ಲಿ ಒತ್ತಿಕೊಂಡು ಹೆಂಗಸರು ಓಡುತ್ತಿದ್ದರು. ಓಣಿಯಲ್ಲಿ ಒಂದೆರಡು ಮನೆಗಳಲ್ಲಿ ಆಗಲೇ ರಾಟಿ ತಿರುಗುವ ಸದ್ದು. ಅಪ್ಪ ಅಂಗಿಯನ್ನೂ ಹಾಕದೆ ಕುಣಿಗೆ ಇಳಿದಿದ್ದರು.

ನಾನು ಬಾಗಿಲಲ್ಲಿ ನಿಂತಿದ್ದಾಗ ಓಣಿಯ ತುದಿಯಲ್ಲಿ ಹೊಸಮನಿಯವರು ಕಂಡರು. ಜೀಪು ಇರಲಿಲ್ಲ, ನಡೆದೇ ಬಂದಿದ್ದರು. ವರ್ಗದ ಆದೇಶ ಬಂದಿತ್ತು, ಹೊರಡುವ ಮುಂಚೆ ಒಮ್ಮೆ ನೋಡಿ ಹೋಗೋಣವೆಂದು ಬಂದವರು. ಒಂದೊಂದು ಮನೆಯ ಮುಂದೆ ನಿಂತು ಒಳಗೆ ಇಣುಕಿ ನೋಡಿ ಮುಂದೆ ನಡೆಯುತ್ತಿದ್ದರು. ಜನ ಅವರನ್ನು ಗುರುತಿಸಿದರು, ಯಾರೂ ಮಾತಾಡಿಸಲಿಲ್ಲ. ಅವರ ಮೇಲಿನ ಸಿಟ್ಟು ಓಣಿಯಲ್ಲಿ ಇನ್ನೂ ಆರಿರಲಿಲ್ಲ.

ನಮ್ಮ ಎದುರಿನ ಮನೆಯಿಂದ ನೀಲವ್ವ ಹೊರಗೆ ಬಂದಳು. ಹೊಸಮನಿಯವರು ಅವಳನ್ನು ಕಂಡು ನಿಂತರು.

"ಯಾಕ್ರಿ ಸಾಹೇಬ್ರ, ಹೊರಗ ನಿಂತ್ರಿ?"

"ಹಂಗ ನೋಡಾಕ ಬಂದಿದ್ನಿ ಯವ್ವಾ. ಆವಾಗ ಬರಲಿಲ್ಲಲ್ಲ." ಅವರು ಒಂದು ಹೆಜ್ಜೆ ಮುಂದೆ ಬಂದರು. "ನಿಮಗ ನಾ ಏನೂ ಮಾಡಲಿಲ್ಲ."

"ಖರೆ, ನಮಗೇನೂ ಮಾಡಲಿಲ್ಲ ನೀವು" ಎಂದಳು ನೀಲವ್ವ. ಅವಳ ಮಾತಿನಲ್ಲಿ ಬೆಣ್ಣೆ ಹಚ್ಚುವುದಿರಲಿಲ್ಲ. "ನಾನೂ ಅದ ಸಿಟ್ಟಿನ್ಯಾಗ ಇದ್ದೆ. ಆದ್ರ ದಿನಾ ಕುಂತು ವಿಚಾರ ಮಾಡಿದ್ನಿರಿ. ನೀವು ಶಿಗ್ಲಿಗೂ ಬಿಡದ ಸುಮ್ಮ ಕುಂತಿದ್ರ, ನಮಗ ಹೊಟ್ಟಿಕಿಚ್ಚು ಬರತಿತ್ತೇನ್ರಿ? ಹೊಟ್ಟಿಕಿಚ್ಚು ಬರದಿದ್ರ ನಾವು ಅರ್ಜಿ ಬರಿತಿದ್ದಿವೇನು? ಆ ದೊಡ್ಡ ಮಂದಿ ನಮ್ಮ ಊರಿಗೆ ಬರತಿದ್ರೇನು?"

ಹೊಸಮನಿಯವರು ಕಣ್ಣು ತುಂಬಿ ಬಂದದ್ದನ್ನು ಮರೆಸಲು ಕನ್ನಡಕ ತೆಗೆದು ಒರೆಸತೊಡಗಿದರು.

"ಒಳಗ ಬರ್ರಿ," ಎಂದಳು ನೀಲವ್ವ. "ಚಹಾಕ್ಕ ಇಟ್ಟೇನಿ. ಕುಂಡ್ರಿ, ನಾ ನೇಯೂದು ನೋಡಿ ಹೋಗೀರಂತ."

ಅವರು ಚಪ್ಪಲಿ ಬಿಟ್ಟು, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದರು.